ವಿಕೆಟ್ ಹಿಂದಿನ ಗೌಂಡಿ ಮಾಮಾ

ಗೌಂಡಿ ಮಾಮಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಅವರು ಹೋಗಿ ಹನ್ನೆರಡು ದಿನಗಳಾದ ಮೇಲೆ. ಡಫಳಾಪುರದ ನಮ್ಮ ಬೀಗರು ಯಾವುದೋ ಸಂಬಂಧದ ಮಾತಿಗೆಂದು ನಾನು ಈಗಿರುವ ವಿಜಾಪುರಕ್ಕೆ ಬಂದಿದ್ದರು. ಚಹಾದ ಬಶಿಯನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಹೇಳಿದರು: "ಜತ್ತಿನ ಆ ಕೀಪರ್ ಗೌಂಡಿ ಹೋದ್ನಲ್ರೀ. ಎಂಥಾ ಚಂಡ ಬಂದ್ರೂ ಹಿಡೀತಿದ್ನಂತ. ಆವಾಗ ನೀವ ಅಂಪೈರ್ ಇದ್ರಂತಲ್ಲ?"

ಇದ್ದೆ ಎಂದೆ. ಬೀಗರು ಇನ್ನಷ್ಟು ಕೇಳಬೇಕೆಂದು ಕಿವಿ ನೆಟ್ಟಗೆ ಮಾಡಿ ಕುಳಿತಿದ್ದರು. ನಾನು ಆ ವರ್ಷದ ಜೋಳದ ಮಾತು ತೆಗೆದೆ. ಹಳೆಯ ಗೆಳೆಯರ ಸಾವಿನ ಸುದ್ದಿ ಬಂದಾಗ ಅವರ ಗುಣಗಾನ ಮಾಡುವುದು ಎಲ್ಲರಿಗೂ ಬರುತ್ತದೆ, ನನಗೂ ಬರುತ್ತದೆ. ಆದರೆ ಈ ಮನುಷ್ಯನ ಗುಣ ಹೇಳಲು ಹೊರಟರೆ ನನ್ನ ಅವಗುಣವನ್ನೂ ಹೇಳಬೇಕಾಗುತ್ತದೆ, ಅದೇ ಪೇಚು. ಇಷ್ಟು ವರ್ಷ ಅದಕ್ಕೆ ಹೆದರಿಯೇ ಸುಮ್ಮನಿದ್ದೆ. ಅವರ ಹೆಸರು ಬರೆಯುವುದಿಲ್ಲ. ಗೋಡೆ ಕಟ್ಟುವ ಕಸುಬಿನವರಾದ್ದರಿಂದ ಊರೆಲ್ಲ ಅವರನ್ನು ಗೌಂಡಿ ಮಾಮಾ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತೇನೆ.

ಸಂಸ್ಥಾನ ಹೋಗಿ ಒಂದೆರಡು ವರ್ಷವಾಗಿತ್ತು. ದರಬಾರು ಹೋಯಿತು, ಕ್ರಿಕೆಟ್ ಮಾತ್ರ ಜತ್ತಿನಲ್ಲಿ ಉಳಿದುಕೊಂಡಿತು. ಊರ ಹೊರಗೆ ಗರಸು ನೆಲದ ಬಯಲು, ಅದರ ಮೇಲೆ ಹಾಸಿ ಮೊಳೆ ಹೊಡೆಯಲು ಒಂದು ಕತ್ತದ ಚಾಪೆ, ಮೂರು ಬ್ಯಾಟು, ಅಂಗೈ ಸವೆದು ತೆಳ್ಳಗಾಗಿದ್ದ ಒಂದು ಜೋಡಿ ಗ್ಲೋವ್ಸು. ಅಷ್ಟೇ ನಮ್ಮ ಆಸ್ತಿ. ನಾನು ಅಲ್ಲಿನ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನ. ಯಾವ ಕಚೇರಿ ಎಂಬುದು ಬೇಡ. ಹಂಗಾಮಿ ನೌಕರಿ, ಇಪ್ಪತ್ಮೂರು ವಯಸ್ಸು, ಮನೆಯಲ್ಲಿ ನನ್ನ ಸಂಬಳಕ್ಕೇ ಕಾಯುವ ತಾಯಿ ಮತ್ತು ಇಬ್ಬರು ತಂಗಿಯರು. ನನ್ನನ್ನು ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕಬೇಕಾದವರು ನಮ್ಮ ಕಚೇರಿಯ ಸಾಹೇಬರು. ಅವರನ್ನು ನಾವು ರಾವಸಾಹೇಬ ಎನ್ನುತ್ತಿದ್ದೆವು. ತಂಡದ ಕ್ಯಾಪ್ಟನ್ ಅವರೇ, ಮೊದಲ ಬೌಲರ್ ಅವರೇ. ಆಡಲು ಬಾರದವನು, ಓಡಲು ಆಗದವನು, ಎದುರು ಮಾತಾಡದವನು, ಹೀಗೆ ಮೂರೂ ಅರ್ಹತೆಗಳು ನನ್ನಲ್ಲಿದ್ದುದರಿಂದ ನನ್ನನ್ನು ಅಂಪೈರ್ ಮಾಡಿದರು. ದವಾಖಾನೆಯ ಕಂಪೌಂಡರನ ಬಿಳಿ ಕೋಟು ನನ್ನ ಮೈಮೇಲೆ ಬಂತು. ಅದಕ್ಕೆ ಸದಾ ಟಿಂಚರಿನ ವಾಸನೆ. ಕಿಸೆಯಲ್ಲಿ ಚೆಂಡು ಎಣಿಸಲು ಆರು ಹರಳು ಇಟ್ಟುಕೊಂಡು ಬಿಸಿಲಿನಲ್ಲಿ ನಿಲ್ಲುತ್ತಿದ್ದೆ.

ರಾವಸಾಹೇಬರು ಹನ್ನೆರಡು ಹೆಜ್ಜೆ ಓಡಿಬಂದು ಚೆಂಡು ಹಾಕುತ್ತಿದ್ದರು. ಓಟ ನೋಡಲು ಚೆನ್ನಾಗಿತ್ತು. ಕೈಬಿಟ್ಟ ಮೇಲೆ ಚೆಂಡು ಎಲ್ಲಿಗೆ ಹೋಗುತ್ತದೆಂಬುದು ಮಾತ್ರ ಅವರಿಗೂ ಗೊತ್ತಿರುತ್ತಿರಲಿಲ್ಲ. ಬ್ಯಾಟು ಚಾಚಿದರೂ ಎಟುಕದಷ್ಟು ದೂರ ಹೋದರೆ ಅದು ವೈಡ್. ಅಂಪೈರ್ ಎರಡೂ ಕೈ ಅಗಲಿಸಿ ತೋರಿಸಬೇಕು, ಎದುರಿನವರಿಗೆ ಒಂದು ರನ್ನು, ಆ ಚೆಂಡನ್ನು ಮತ್ತೆ ಹಾಕಬೇಕು. ಇದು ಪುಸ್ತಕದ ಮಾತು. ನಾನು ಪುಸ್ತಕವನ್ನು ಬಾಯಿಪಾಠ ಮಾಡಿದ್ದೆ.

ಗೌಂಡಿ ಮಾಮಾ ಆಟಕ್ಕೆ ಬಂದ ಬಗೆ ಹೀಗೆ. ಸಾಲೆಯ ಹೊಸ ಕೋಣೆಗಳ ಕೆಲಸ ನಡೆದಿತ್ತು. ನೋಡಲು ಹೋದ ರಾವಸಾಹೇಬರು ತಲೆಯೆತ್ತಿದರೆ ಗೋಡೆಯ ಮೇಲೆ ಒಬ್ಬ ಸಣಕಲು ಮನುಷ್ಯ ಪಾಯಜಾಮ ಮಡಚಿಕೊಂಡು ನಿಂತಿದ್ದಾನೆ. ಕೆಳಗಿನಿಂದ ಆಳು ಇಟ್ಟಂಗಿ ಎಸೆಯುತ್ತಾನೆ. ಮೇಲಿನವನು ಅದನ್ನು ಹಿಡಿದು, ತಿರುಗಿ, ಗೋಡೆಯ ಮೇಲೆ ಇಡುತ್ತಾನೆ. ಸಪ್ಪಳವೇ ಇಲ್ಲ. ಆಳು ಓರೆಯಾಗಿ ಎಸೆದರೂ ಇಟ್ಟಂಗಿ ಅವನ ಎದೆಯ ನೇರಕ್ಕೇ ಬಂದಂತೆ ಕಾಣುತ್ತದೆ. ರಾವಸಾಹೇಬರು ಅಲ್ಲಿಂದಲೇ ಕೂಗಿದರು: "ಏ ಗೌಂಡಿ, ರವಿವಾರ ಬಯಲಿಗಿ ಬಾ. ಚಂಡು ಹಿಡೀಬೇಕು."

ಮಾಮಾ ಕೆಳಗಿಳಿದು ಕೈ ಒರೆಸಿಕೊಂಡು ವಿನಯದಿಂದ ಕೇಳಿದರಂತೆ: "ದಿನಕ್ಕ ಎಷ್ಟ ಹಿಡೀಬೇಕಾಗ್ತೈತ್ರಿ?"

ಕಚೇರಿಯಲ್ಲಿ ಈ ಮಾತಿಗೆ ಒಂದು ವಾರ ನಕ್ಕೆವು. ಅವರು ಮಾತ್ರ ನಗುವುದಕ್ಕಾಗಿ ಕೇಳಿರಲಿಲ್ಲ. ಊರಿನ ಸರಕಾರಿ ಕಟ್ಟಡಗಳ ಕೆಲಸವೆಲ್ಲ ರಾವಸಾಹೇಬರ ಮಾತಿನ ಮೇಲೆ ನಡೆಯುತ್ತಿತ್ತು. ಮಾಮಾನ ಕೈಕೆಳಗೆ ಏಳೆಂಟು ಜನ ದುಡಿಯುತ್ತಿದ್ದರು. ಸಾಹೇಬರು ಬಾ ಎಂದರೆ ಅದೂ ಒಂದು ಕೆಲಸವೇ.

ಅವರ ಕೀಪಿಂಗನ್ನು ಹೇಗೆ ಬಣ್ಣಿಸಲಿ? ಬೇರೆ ಕೀಪರುಗಳು ಹಾರುತ್ತಾರೆ, ಬೀಳುತ್ತಾರೆ, ಎದ್ದು ಮೈ ಝಾಡಿಸಿಕೊಂಡು ಮಂದಿಯ ಕಡೆ ನೋಡುತ್ತಾರೆ. ಮಾಮಾ ಬಿದ್ದದ್ದನ್ನು ನಾನು ಕಂಡೇ ಇಲ್ಲ. ಸ್ಟಂಪಿಗೆ ಹತ್ತಿ ನಿಂತು, ಕುಕ್ಕರಗಾಲಿನಲ್ಲಿ ಕುಳಿತು, ಬೌಲರನ ಭುಜ ನೋಡುತ್ತಿದ್ದರು. ಚೆಂಡು ಕೈಬಿಡುವ ಹೊತ್ತಿಗೆ ಅವರ ಕಾಲು ಆಗಲೇ ಸರಿದಿರುತ್ತಿತ್ತು. ಚೆಂಡು ಅವರ ಎದೆಗೆ ಬರುತ್ತಿತ್ತು, ಹಿಡಿದ ಕೈ ಒಂದು ಗೇಣು ಸ್ಟಂಪಿನ ಕಡೆ ಜಾರಿ ನಿಲ್ಲುತ್ತಿತ್ತು. ಎದುರಿನ ತುದಿಯಲ್ಲಿ ನಿಂತ ನನಗೆ ಕಾಣುವುದು ಆ ನಿಂತ ಕೈ ಮಾತ್ರ. ಅರೆ, ಇಷ್ಟು ಹತ್ತಿರ ಹೋಯಿತಲ್ಲ ಎನಿಸಿ ನನ್ನ ಎರಡೂ ಕೈ ಕೋಟಿನ ಕಿಸೆಯಲ್ಲೇ ಉಳಿಯುತ್ತಿದ್ದವು. ಇನ್ನೊಂದು ಸಂಗತಿ: ಮಾಮಾ ಯಾವತ್ತೂ ಔಟಿಗಾಗಿ ಕೂಗಲಿಲ್ಲ. ಮಿಕ್ಕ ಹತ್ತೂ ಜನ ಗಂಟಲು ಹರಿದುಕೊಳ್ಳುವಾಗ ಅವರು ಗ್ಲೋವಿನಿಂದ ಮೂಗು ಒರೆಸಿಕೊಳ್ಳುತ್ತ ನಿಂತಿರುತ್ತಿದ್ದರು.

ಎರಡು ವರ್ಷ ನಾನು ನನ್ನ ಕಣ್ಣನ್ನು ನಂಬಿದ್ದೆ. ನ್ಯಾಯವಂತ ಅಂಪೈರ್ ಎಂದು ಊರೂ ಹೇಳುತ್ತಿತ್ತು, ಒಳಗೊಳಗೆ ನಾನೂ ಉಬ್ಬುತ್ತಿದ್ದೆ.

ಒಂದು ರವಿವಾರ ಮಾಮಾ ಉಟಗಿಯಲ್ಲಿ ಯಾರದೋ ಮನೆಯ ಮಾಳಿಗೆ ಕೆಲಸಕ್ಕೆ ಹೋಗಿದ್ದರು. ಗ್ಲೋವ್ಸು ಸಾಲೆಯ ಡ್ರಿಲ್ ಮಾಸ್ತರರ ಕೈಗೆ ಬಂದವು. ರಾವಸಾಹೇಬರ ಮೊದಲ ಓವರಿನಲ್ಲೇ ಮಾಸ್ತರರು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಉರುಳಿದರು. ನನಗೆ ಚೆಂಡೆಲ್ಲ ಅಡ್ಡಾದಿಡ್ಡಿ ಹೋದಂತೆ ಕಂಡಿತು. ಕಂಡದ್ದನ್ನು ಕೊಟ್ಟೆ: ಒಂದು ವೈಡ್, ಎರಡು, ಮೂರು. ಮೂರನೆಯದಕ್ಕೆ ರಾವಸಾಹೇಬರು ಚೆಂಡನ್ನು ಒರೆಸುತ್ತ ನನ್ನ ಹತ್ತಿರ ಬಂದು ತಮ್ಮ ಕಣ್ಣಿನತ್ತ ಬೆರಳು ಮಾಡಿ ಮೆಲ್ಲಗೆ ಕೇಳಿದರು: "ಕಾಯ್ ಅಂಪೈರ್, ಡೋಳೆ ಠೀಕ ಅದಾವೋ ಇಲ್ಲೋ?"

ಮರುದಿನ ಕಚೇರಿಯಲ್ಲಿ ನನ್ನ ರಜೆಯ ಅರ್ಜಿ ತಿರುಗಿ ಬಂತು. ಅದರ ಮರುದಿನ ನಾನು ಬರೆದ ಮೂರು ತಖ್ತೆಗಳು ಅಕ್ಷರ ಚಲೋ ಇಲ್ಲವೆಂದು ತಿರುಗಿ ಬಂದವು. ಶಿರಸ್ತೇದಾರರು ಕನ್ನಡಕದ ಮೇಲಿನಿಂದ ನೋಡಿ, "ತಮ್ಮಾ, ನಿನ್ನ ಕಾಯಂ ಕಾಗದ ಸಾಹೇಬ್ರ ಮೇಜಿನ ಮ್ಯಾಗ ಐತಿ. ಲಗೂನ ಶಾಣ್ಯಾ ಆಗು," ಎಂದರು.

ಮಾಮಾ ತಿರುಗಿ ಬಂದ ದಿನವೇ, ಇನ್ನೂ ಮುಗಿಯದಿದ್ದ ಸಾಲೆಯ ಕೆಲಸದ ಹತ್ತಿರ ಹೋಗಿ ಕೇಳಿದೆ. "ಮಾಮಾ, ಖರೇ ಹೇಳ್ರಿ. ನೀವು ಚಂಡು ಒಳಗ ತರ್ತೀರೇನು?"

ಅವರು ರೊಟ್ಟಿ ತಿನ್ನುತ್ತ ಇಟ್ಟಂಗಿಯ ರಾಶಿಯ ಮೇಲೆ ಕುಳಿತಿದ್ದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಏನೂ ಮಾಡಲಿಲ್ಲ. ಕೈ ತೊಳೆದುಕೊಂಡು ಎದ್ದು ನಿಂತು, "ಒಂದ ಒಗೀರಿ," ಎಂದರು. ನಾನು ಇಟ್ಟಂಗಿ ಎಸೆದೆ. ನನ್ನ ಎಸೆತ ರಾವಸಾಹೇಬರದಕ್ಕಿಂತ ಕೆಟ್ಟದ್ದು. ಅವರು ಎಡಗಾಲು ಸರಿಸಿದರು, ಇಟ್ಟಂಗಿಯ ಜೊತೆ ಕೈಯನ್ನೂ ಹಿಂದೆ ಬಿಟ್ಟರು, ನಿಂತಾಗ ಅದು ಹೊಟ್ಟೆಯ ನಡುವಿತ್ತು.

"ನಾ ಹಿಡದೀನಿ ಅಂತ ಇಟ್ಟಂಗಿಗಿ ಗೊತ್ತಾಗಬಾರದ್ರಿ. ಗೊತ್ತಾತಂದ್ರ ಅದಕ್ಕ ಸಿಟ್ಟ ಬರ್ತೈತಿ, ಕೈ ಒಡೀತೈತಿ. ಅದು ಎಲ್ಲಿಗಿ ಹೊಂಟಿರ್ತೈತಿ, ನಾನೂ ಅಲ್ಲೇ ಹೊಂಟೀನಿ ಅನ್ನೂಹಂಗ ಇರಬೇಕು. ಆಮ್ಯಾಲ ಸಾವಕಾಶ ನಮ್ಮ ಕಡಿ ತರಬೇಕು. ಚಂಡೂ ಹಂಗ."

"ಅಂದ್ರ ವೈಡ್ ಇದ್ದದ್ದು ನನಗ ವೈಡ್ ಕಾಣೂದಿಲ್ಲ."

"ನಾ ಮೋಸ ಮಾಡೂದಿಲ್ರಿ, ಕಾರಕೂನ್ರ. ಕೈಗಿ ಅದ ರೂಢಿ ಆಗೈತಿ," ಎಂದು ಅವರು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಯಾಕ, ಸಾಹೇಬ್ರು ಏನರ ಅಂದ್ರೇನು?"

ನಾಚಿಕೆಯಿಲ್ಲದೆ ಹೇಳಿಬಿಡುತ್ತೇನೆ. ಅವತ್ತಿನಿಂದ ಮಾಮಾನ ಕೈ ನನಗೆ ಆಸರೆಯಾಯಿತು. ಗುಟ್ಟು ತಿಳಿದ ಮೇಲೆ ಚೆಂಡು ಹೊರಗೆ ಹೋದದ್ದು ನನಗೆ ಕಾಣತೊಡಗಿತ್ತು. ಅವರ ಕಾಲು ನೋಡಿದರೆ ಸಾಕಾಗಿತ್ತು. ಆದರೆ ಕೈ ಸ್ಟಂಪಿನ ಹತ್ತಿರವೇ ನಿಂತಿದೆಯಲ್ಲ, ಇಂಥ ಕೈಗೆ ಯಾವ ಅಂಪೈರ್ ತಾನೇ ಮೋಸಹೋಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕಿಸೆಯಲ್ಲಿ ಹರಳು ಸರಿಸುತ್ತಿದ್ದೆ. ತಪ್ಪು ಅವರ ಕೈಯದು, ನನ್ನದಲ್ಲ. ಹೀಗೆ ಇನ್ನೂ ಒಂದು ವರ್ಷ ನಡೆಯಿತು. ನನ್ನ ಕಾಗದ ಮೇಜಿನ ಮೇಲೆಯೇ ಇತ್ತು.

ಆ ವರ್ಷದಲ್ಲಿ ಮಾಮಾನ ಬಲಗೈಯ ನಡುಬೆರಳು ಎರಡು ಸಲ ಮುರಿಯಿತು. ಗ್ಲೋವಿನ ಅಂಗೈಯಲ್ಲಿ ಏನೂ ಉಳಿದಿರಲಿಲ್ಲ. ಕಂಬಳಿಯ ತುಂಡು ಮಡಚಿ ಇಟ್ಟುಕೊಳ್ಳುತ್ತಿದ್ದರು. ಮುಚ್ಚಂಡಿಯ ಎಲುಬು ಕಟ್ಟುವವನು ಎರಡನೆಯ ಸಲ ಬಿದಿರಿನ ಚಕ್ಕೆ ಕಟ್ಟುತ್ತ, ಇನ್ನೊಮ್ಮೆ ಮುರಿದರೆ ಈ ಬೆರಳು ಮಡಚುವುದಿಲ್ಲ, ಕರಣಿ ಹಿಡಿಯುವ ಆಸೆ ಬಿಡು ಎಂದು ಹೇಳಿ ಕಳಿಸಿದ್ದ. ಗಾರೆ ಎಳೆಯುವ ಕರಣಿ ಹಿಡಿಯದ ಗೌಂಡಿ ಯಾರಿಗೆ ಬೇಕು? ಅವರ ಹೆಂಡತಿ, ನಮ್ಮ ಮಾಮಿ, ಅರಿಷಿಣ ಸುಣ್ಣ ಹಚ್ಚುತ್ತ ತಮ್ಮ ದಖನಿಯಲ್ಲಿ ಬೈಯುತ್ತಿದ್ದರು: "ಕಿತ್ತಾ ಬೋಲೂಂ, ನಕ್ಕೋ ಜಾವ್ ಕರ್ಕೆ! ಸುನ್ತೇಚ್ ನೈ!" ಎಷ್ಟು ಹೇಳಲಿ ಹೋಗಬೇಡ ಅಂತ, ಕೇಳುವುದೇ ಇಲ್ಲ ಎಂದು ನನ್ನ ಕಡೆ ತಿರುಗಿ ಕನ್ನಡದಲ್ಲೂ ಒಮ್ಮೆ ಹೇಳುತ್ತಿದ್ದರು. ಮಾಮಾ ರಾವಸಾಹೇಬರ ಹತ್ತಿರ ಹೋಗಿ ಬೆರಳು ತೋರಿಸಿಯೂ ಬಂದಿದ್ದರು. ಹೊಸ ಗ್ಲೋವ್ಸು ತರಿಸೋಣ, ಇದೊಂದು ಮ್ಯಾಚ್ ಆಗಲಿ ಎಂದು ಸಾಹೇಬರು ಪ್ರತಿ ಮ್ಯಾಚಿಗೂ ಹೇಳಿದರು. ಗ್ಲೋವ್ಸು ಬರಲೇ ಇಲ್ಲ.

ವಿಜಾಪುರದ ತಂಡ ಆಡಲು ಬರುವುದೆಂದು ಗೊತ್ತಾದಾಗ ಮಾಮಾ ನನ್ನ ಮನೆಗೆ ಬಂದರು. ಒಳಗೆ ಬನ್ನಿ ಎಂದರೂ ಬರದೆ ಕಟ್ಟೆಯ ಮೇಲೆ ಕುಳಿತರು. ಬಹಳ ಹೊತ್ತು ನಮ್ಮ ಗೋಡೆಯನ್ನು ನೋಡಿ, ಮೂಲೆಯಲ್ಲಿ ಉಬ್ಬಿ ಹೊಟ್ಟೆ ಬಂದಿದೆ, ಮಳೆಗಾಲಕ್ಕೆ ಮೊದಲು ನೋಡಿಕೊಳ್ಳಿ ಎಂದರು. ಆಮೇಲೆ ವಿಷಯಕ್ಕೆ ಬಂದರು.

"ಕಾರಕೂನ್ರ, ನಾ ಆಗಿ ಆಟ ಬಿಡಾಕ ಬರೂದಿಲ್ಲ. ಬಿಟ್ರ ಕೆಲಸ ಹೋಗ್ತೈತಿ, ನನ್ನ ಬೆನ್ನ ಹಿಂದ ಮಂದಿ ಅದಾರ. ಬೇಕಂತ ಚಂಡು ಬಿಡೂನು ಅಂದ್ರ ಅದೂ ನನ್ನ ಕೈಲೆ ಆಗವಲ್ದು. ಸಾಹೇಬ್ರು ಬೌಲಿಂಗ್ ಬಿಟ್ರ ಮಾತ್ರ ನಾ ಉಳಕೋತೀನಿ. ಉಳದವ್ರ ಚಂಡು ಡ್ರಿಲ್ ಮಾಸ್ತರರೂ ಹಿಡೀತಾರ."

"ಅವ್ರು ಯಾಕ ಬಿಡ್ತಾರ, ಮಾಮಾ?"

"ಪರ ಊರ ಮಂದಿ ಮುಂದ ನಾಕ ವೈಡ್ ಆದ್ರ ಬಿಡ್ತಾರ. ಅವ್ರಿಗಿ ಮರ್ಯಾದಿ ಭಾಳ. ಈ ಸಲ ನಾ ಒಳಗ ತರೂದಿಲ್ಲ. ಎಲ್ಲಿ ಬರ್ತೈತಿ ಅಲ್ಲೇ ಹಿಡದು ಅಲ್ಲೇ ನಿಲ್ತೀನಿ. ನೀವು ಕಂಡದ್ದು ಹೇಳ್ರಿ. ಅಷ್ಟ ಸಾಕು ನನಗ."

ಅವರ ಬೆರಳು ತೊಡೆಯ ಮೇಲಿತ್ತು, ಗಂಟಿನ ಹತ್ತಿರ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ನಾನು ಆಗಲಿ ಎಂದೆ. ಬರಿಯ ಆಗಲಿ ಎನ್ನಲಿಲ್ಲ, ತಾಯಿಯ ಆಣೆ ಮಾಡಿದೆ. ತಾಯಿ ಒಳಗೆ ಕುಳಿತು ಕೇಳುತ್ತಿದ್ದಳು.

ಮ್ಯಾಚಿನ ದಿನ ಬಯಲಿನ ಸುತ್ತ ಮಂದಿ ಕಿಕ್ಕಿರಿದಿದ್ದರು. ಗೆಜ್ಜೆ ಕಟ್ಟಿದ ಎತ್ತುಗಾಡಿಗಳಲ್ಲಿ ಹಳ್ಳಿಗಳಿಂದಲೂ ಬಂದಿದ್ದರು. ರಾವಸಾಹೇಬರು ಹೊಸ ಬಿಳಿ ಪ್ಯಾಂಟು ಹಾಕಿದ್ದರು. ಓಡಿಬಂದರು, ಎರಡನೆಯ ಚೆಂಡೇ ಮಾಮಾನ ಬಲಕ್ಕೆ ಬಹಳ ದೂರ ಹೋಯಿತು. ಮಾಮಾ ಹಿಡಿದರು. ಹಿಡಿದು ಅಲ್ಲೇ ನಿಂತರು. ಕೈ ಪೂರ್ತಿ ಚಾಚಿತ್ತು, ಗ್ಲೋವು ಸ್ಟಂಪಿನಿಂದ ಒಂದು ಮಾರು ಆಚೆ ಇತ್ತು. ಮೊದಲ ಸಲ ಅವರು ಚೆಂಡನ್ನು ನನಗೆ ತೋರಿಸುತ್ತಿದ್ದರು, ಯಾವ ಮರೆಯೂ ಇಲ್ಲದೆ.

ನನ್ನ ಕೈ ಕಿಸೆಯಲ್ಲಿತ್ತು. ಎತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಎತ್ತಲಿಲ್ಲ. ಮೇಜಿನ ಮೇಲಿನ ಕಾಗದ ಕಂಡಿತು, ತಂಗಿಯರು ಕಂಡರು, ಇವೆಲ್ಲ ಈಗ ಹೇಳುವ ನೆಪಗಳು. ಆಗ ಕಂಡದ್ದು ರಾವಸಾಹೇಬರ ಬೆನ್ನು ಮಾತ್ರ. ಅವರು ತಿರುಗಿ ನನ್ನನ್ನು ನೋಡಲೂ ಇಲ್ಲ. ನಾನು ಒಂದು ಹರಳು ಸರಿಸಿದೆ.

ಮೂರನೆಯದೂ ಹಾಗೆಯೇ ಹೋಯಿತು. ಮಾಮಾ ಹಾಗೆಯೇ ನಿಂತರು, ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ವಿಜಾಪುರದ ಬ್ಯಾಟ್ಸಮನ್ ನನ್ನ ಮುಖ ನೋಡಿದ. ಐದನೆಯ ಚೆಂಡಿಗೆ ಗಾಡಿಗಳ ಕಡೆಯಿಂದ ಒಂದು ದನಿ ಬಂತು: "ಏ ಅಂಪೈರಾ, ಕಣ್ಣು ಮನ್ಯಾಗ ಇಟ್ಟ ಬಂದೀಯೇನೋ?" ಎಲ್ಲರೂ ನಕ್ಕರು. ಆರನೆಯದಕ್ಕೆ ಮತ್ತೆ ನಕ್ಕರು, ಈಗ ನಮ್ಮ ಊರಿನವರೂ ನಗುತ್ತಿದ್ದರು. ಒಂದು ವರ್ಷದಿಂದ ನನಗೆ ನಾನೇ ಹೇಳಿಕೊಂಡಿದ್ದ ಸುಳ್ಳು ಆ ಓವರಿನಲ್ಲಿ ಸತ್ತಿತು. ಮಾಮಾನ ಕೈ ನನ್ನನ್ನು ಕುರುಡು ಮಾಡಿರಲಿಲ್ಲ.

ಓವರ್ ಮುಗಿದು ಜಾಗ ಬದಲಿಸುವಾಗ ಮಾಮಾ ನನ್ನ ಪಕ್ಕದಿಂದ ಹಾದುಹೋದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. "ಬಿಸಲ ಭಾಳ ಐತ್ರಿ, ಕಾರಕೂನ್ರ. ಒಂದೀಟ ನೀರ ಕುಡೀರಿ," ಎಂದರು.

ರಾವಸಾಹೇಬರ ಎರಡನೆಯ ಓವರ್. ಮೊದಲ ಚೆಂಡು ಬ್ಯಾಟ್ಸಮನ್ನನ ಕಾಲಿನ ಹಿಂದಿನಿಂದ ಮಾಮಾನ ಎಡಕ್ಕೆ ಜಾರಿತು, ನೆಲದ ಮೇಲೆ ಒಂದು ಕಲ್ಲಿಗೆ ತಗುಲಿ ಎದ್ದಿತು. ಮಂದಿ ಆಗಲೇ ನಗಲು ಬಾಯಿ ತೆರೆದಿದ್ದರು. ಮಾಮಾನ ಕಾಲು ಸರಿದದ್ದನ್ನು ಕಂಡೆ. ಅವರು ಬಲಗೈಯನ್ನು ಅಡ್ಡ ಹಾಕಿ ಆ ಚೆಂಡನ್ನು ಹಿಡಿದರು, ಹಿಡಿದು ಒಳಗೆ ತಂದರು, ಸ್ಟಂಪಿನ ಮಗ್ಗುಲಿಗೆ. ಅಷ್ಟು ಚೆಂದವಾಗಿ ಅವರು ಹಿಂದೆಂದೂ ತಂದಿರಲಿಲ್ಲ. ನಕ್ಕವರೆಲ್ಲ ಗಪ್ಪಾದರು. ಚೆಂಡು ಗ್ಲೋವಿಗೆ ಬಡಿದಾಗ ಬಂದ ಸಪ್ಪಳ ಮಾತ್ರ ಬೇರೆ ಇತ್ತು. ಅವರ ಕೈಯಲ್ಲಿ ಸಪ್ಪಳ ಕೇಳಿದ್ದು ನಾನು ಅದೊಂದೇ ಸಲ.

ರಾವಸಾಹೇಬರು ಎರಡೂ ಕೈ ಮೇಲೆತ್ತಿ ಔಟಿಗಾಗಿ ಕೂಗಿದರು. ಚೆಂಡು ಬ್ಯಾಟಿನ ಹತ್ತಿರವೂ ಹೋಗಿರಲಿಲ್ಲ. ಮಾಮಾ ಕೂಗಲಿಲ್ಲ, ಮೂಗೂ ಒರೆಸಿಕೊಳ್ಳಲಿಲ್ಲ, ಗ್ಲೋವನ್ನು ಹೊಟ್ಟೆಗೆ ಅವುಚಿಕೊಂಡು ಮುಖ ಕಿವುಚಿ ನಿಂತಿದ್ದರು. ನನ್ನ ಬಲಗೈ ಕಿಸೆಯಿಂದ ಹೊರಬಂದು ಒಂದು ಬೆರಳನ್ನು ಆಕಾಶಕ್ಕೆ ಎತ್ತಿತು. ಎತ್ತಬೇಕೆಂದು ನಾನು ಅಂದುಕೊಂಡ ನೆನಪಿಲ್ಲ.

ಮ್ಯಾಚ್ ಗೆದ್ದೆವು. ರಾವಸಾಹೇಬರು ನನ್ನ ಬೆನ್ನು ತಟ್ಟಿ ಶಾಬ್ಬಾಸ್ ಎಂದರು. ತಿಂಗಳೊಳಗೆ ನಾನು ಕಾಯಂ ಆದೆ. ಮಾಮಾನ ನಡುಬೆರಳು ಮುಂದೆ ಯಾವತ್ತೂ ಮಡಚಲಿಲ್ಲ. ಮಗ ಕರಣಿ ಹಿಡಿದ, ಮಾಮಾ ಗೋಡೆಯ ಕೆಳಗೆ ನಿಂತು ಆಳುಗಳಿಗೆ ಕೆಲಸ ಹೇಳುತ್ತಿದ್ದರು. ಎಷ್ಟೋ ಸಲ ಅವರು ದಾರಿಯಲ್ಲಿ ಸಿಕ್ಕಾಗ ನಾನು ಸೈಕಲ್ಲು ತಿರುಗಿಸಿಕೊಂಡು ಬೇರೆ ಗಲ್ಲಿಯಲ್ಲಿ ಹೋಗಿದ್ದೇನೆ. ಅವರೇ ಒಂದು ದಿನ ಬಂದು ನಮ್ಮ ಮನೆಯ ಮೂಲೆಯ ಗೋಡೆ ಸರಿಮಾಡಿಸಿ ಹೋದರು.

ಆದರೆ ಮ್ಯಾಚಿನ ದಿನ ಸಂಜೆಯ ಒಂದು ಮಾತಿದೆ. ದವಾಖಾನೆಯ ಮರದ ಬಾಕಿನ ಮೇಲೆ ಮಾಮಾ ಕುಳಿತಿದ್ದರು. ಕಂಪೌಂಡರ ಬೆರಳಿಗೆ ಪಟ್ಟಿ ಸುತ್ತುತ್ತಿದ್ದ. ನಾನು ಅವನ ಕೋಟನ್ನು ಮರಳಿಸಲು ಬಂದವನು ಬಾಗಿಲಲ್ಲೇ ನಿಂತೆ. ಕಂಪೌಂಡರ ಒಳಗೆ ಹೋದ ಮೇಲೆ ಕೇಳಿದೆ: "ಮಾಮಾ, ಮೊದಲಿನ ನಾಕೂ ಹಿಡದಂಗ ಅದನ್ನೂ ಅಲ್ಲೇ ಹಿಡದು ನಿಲ್ಲಬೇಕಾಗಿತ್ತಲ್ರಿ. ಒಳಗ ಯಾಕ ತಂದ್ರಿ? ಬೆರಳು ಉಳೀತಿತ್ತು."

ಅವರು ಪಟ್ಟಿಯ ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದರು. ಇಷ್ಟೂ ಗೊತ್ತಾಗಲಿಲ್ಲವೇ ಎನ್ನುವಂಥ ನೋಟ, ಸಿಟ್ಟಿಲ್ಲ.

"ಮಂದಿ ನಿಮ್ಮನ್ನ ನೋಡಿ ನಗಾಕ ಹತ್ತಿದ್ರಲ್ರಿ," ಎಂದರು.